ಬೋಲ್ಟು ‘ಕಚ್ಚಿಕೊಂಡಿದೆ’ ಅನ್ನಬಹುದಾ, ‘ಜಾಮ್’ ಅಂತಲೇ ಬಿಡೋಣವಾ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಐಟಿಐ ಓದುವ ಹುಡುಗರಿಗಾಗಿ ಕಾರಿನ ಇಂಜಿನ್ ಬಿಚ್ಚುವ ಕೆಲಸದ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಕ್ರಿಯಾಪದದ ಹತ್ತಿರ ಕೆಲಸ ನಿಂತಿದೆ. ತುಕ್ಕು ಹಿಡಿದು, ಎಷ್ಟು ತಿರುಗಿಸಿದರೂ ಅಲ್ಲಾಡದ ಬೋಲ್ಟಿಗೆ ಏನಾಗಿದೆ ಅಂತ ಬರೆಯಬೇಕು?

ಇಲ್ಲಿ ಪಿ.ಬಿ. ರಸ್ತೆಯ ಕಡೆ ಗ್ಯಾರೇಜಿನವರು ‘ಜಾಮ್ ಆಗೈತಿ’, ‘ಹಿಡ್ಕಂಡೈತಿ’ ಅನ್ನುತ್ತಾರೆ. ‘ಸೀಜ್’ ಅನ್ನೋದೂ ಉಂಟು. ಆದರೆ ಅದು ಜಾಸ್ತಿ ಬರುವುದು ಆಯಿಲ್ ಇಲ್ಲದೆ ನಿಂತುಹೋದ ಇಂಜಿನ್ನಿಗೆ. ಅಲ್ಲದೆ ‘ಗಾಡಿ ಸೀಜ್ ಆಯ್ತು’ ಅಂದರೆ ಕಂತು ಕಟ್ಟಿಲ್ಲ ಅಂತ ಫೈನಾನ್ಸಿನವರು ಎಳ್ಕೊಂಡು ಹೋದರು ಅಂತಲೂ ಆಗುತ್ತೆ. ಅದನ್ನು ಕೈಬಿಟ್ಟೆ.

ಸುಮ್ನೆ ‘ಬಿಗಿಯಾದ ಬೋಲ್ಟನ್ನು ಸಡಿಲಿಸಿ’ ಅಂತ ಬರೆದರೆ ಸಾಲದಾ ಅಂತ ಕೇಳಬಹುದು. ಸಾಲದು. ‘ಬಿಗಿ’ ಅಂದ ತಕ್ಷಣ ಹುಡುಗರು ಪಾನಾಕ್ಕೆ ಪೈಪು ಸಿಕ್ಕಿಸಿ ಜೋರಾಗಿ ಎಳೆಯುತ್ತಾರೆ. ಬೋಲ್ಟಿನ ತಲೆ ರೌಂಡ್ ಆಗುತ್ತದೆ, ಇಲ್ಲಾ ಕಟ್ ಆಗಿ ಅರ್ಧ ಒಳಗೇ ಉಳಿಯುತ್ತದೆ. ಇಲ್ಲಿ ಸಮಸ್ಯೆ ಬಿಗಿತದ್ದಲ್ಲ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ, ಅದಕ್ಕೇ ಥ್ರೆಡ್ಡುಗಳ ಸಂದು ತುಂಬಿ ಎರಡೂ ಒಂದಾಗುತ್ತವೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಇಂಜಿನ್ನಿನ ಹೊಗೆ ಹೊರಗೆ ಒಯ್ಯುವ ಕೊಳವೆ) ಬೋಲ್ಟುಗಳಲ್ಲಿ ಇದು ಮಾಮೂಲು. ಅದಕ್ಕೆ ಬೇಕಾದ್ದು ತೂರೆಣ್ಣೆ (ಡಬ್ಲ್ಯುಡಿ-40 ತರದ್ದಕ್ಕೆ ನಾನೇ ಇಟ್ಟ ಹೆಸರು, ಹೇಗಿದೆ?) ಹಾಕಿ ರಾತ್ರಿಯಿಡೀ ಬಿಡುವುದು, ತಲೆಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು, ಆರು ಮೂಲೆಯ ಸಾಕೆಟ್ ಹಾಕಿ ಒಂದು ಚೂರು ಬಿಗಿ ಮಾಡಿ ಆಮೇಲೆ ಬಿಚ್ಚುವುದು. ಅದಕ್ಕೂ ಬಗ್ಗದಿದ್ದರೆ ಎಣ್ಣೆ ಒರೆಸಿ, ಪೆಟ್ರೋಲ್ ಪೈಪು ಹತ್ತಿರವಿಲ್ಲ ಅಂತ ನೋಡಿಕೊಂಡು, ಬೋಲ್ಟಿನ ಸುತ್ತಲಿನ ಲೋಹಕ್ಕೆ ಬಿಸಿ ಕೊಡಬೇಕು. ಇಂಜಿನ್ನಿನ ಹೆಡ್ (ಬೋಲ್ಟು ಕೂತಿರುವ ಮೇಲ್ಭಾಗ) ಅಲ್ಯೂಮಿನಿಯಂ ಆಗಿದ್ದರೆ ಅದು ಉಕ್ಕಿನ ಬೋಲ್ಟಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ, ಹಿಡಿತ ಬಿಡುತ್ತದೆ.

ಹಾಗಾಗಿ ಓದಿದ ತಕ್ಷಣ ‘ಇದಕ್ಕೆ ಬಲ ಅಲ್ಲ, ಎಣ್ಣೆ ಮತ್ತು ತಾಳ್ಮೆ’ ಅಂತ ಹೊಳೆಯುವ ಪದ ಬೇಕು. ನನ್ನ ಒಲವು ‘ಕಚ್ಚಿಕೊಂಡಿದೆ’ ಕಡೆಗೆ. ತೊಡಕು ಒಂದಿದೆ. ಹೊಸ ಬೋಲ್ಟು ಕೂರಿಸುವಾಗ ಇದೇ ಜನ ‘ಥ್ರೆಡ್ ಕಚ್ತಾ ಇಲ್ಲ’ ಅನ್ನುತ್ತಾರೆ. ಅಲ್ಲಿ ಕಚ್ಚುವುದು ಒಳ್ಳೆಯದು, ಇಲ್ಲಿ ಕಚ್ಚಿಕೊಳ್ಳುವುದು ಕೆಟ್ಟದ್ದು. ‘ಕೊಳ್ಳು’ ಸೇರಿದ್ದರಿಂದ ಈ ವ್ಯತ್ಯಾಸ ಓದುವವರಿಗೆ ತಿಳಿಯುತ್ತದೆ ಅಂತ ನನಗನ್ನಿಸುತ್ತದೆ. ನಿಮಗೆ? ‘ಹಿಡಿದುಕೊಂಡಿದೆ’ ಕೂಡ ಚೆನ್ನಾಗೇ ಇದೆ, ಆದರೆ ಸೊಂಟಕ್ಕೂ ಅದೇ ಮಾತು, ಬ್ರೇಕಿಗೂ ಅದೇ ಮಾತು.

ಇನ್ನೊಂದು. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಒಳಗೆ ಕೂತು ತೇವ ತಾಗಿದರೆ ಬಿಳಿ ಪುಡಿ ಕಟ್ಟುತ್ತದಲ್ಲ, ಅದಕ್ಕೆ ‘ಕಿಲುಬು’ ಅಂದರೆ ತಪ್ಪಾ? ತುಕ್ಕು ಅನ್ನಲು ಮನಸ್ಸು ಒಪ್ಪುತ್ತಿಲ್ಲ, ಅದರ ಬಣ್ಣವೂ ಬೇರೆ, ಲೋಹವೂ ಬೇರೆ.

ಕೊನೆಗೆ, ಹತ್ತಿ ಮಿಲ್ಲುಗಳಲ್ಲಿ ಫಿಟ್ಟರ್ ಆಗಿದ್ದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕೇಳಿ ನೋಡಿ. ಎತ್ತಿನಗಾಡಿ ಮಾಡುತ್ತಿದ್ದ ಕಮ್ಮಾರರನ್ನೂ ಕೇಳಬಹುದು. ಕಡಾಣಿ (ಗಾಲಿ ಕಳಚದಂತೆ ಅಚ್ಚಿಗೆ ಸಿಕ್ಕಿಸುವ ಕೀಲು) ತುಕ್ಕು ಹಿಡಿದು ಅಚ್ಚಿನಿಂದ ಹೊರಗೆ ಬರದಿದ್ದಾಗ ಅವರು ಏನನ್ನುತ್ತಿದ್ದರು? ಚಿತ್ರದುರ್ಗ, ಹೊಳಲ್ಕೆರೆ, ಜಗಳೂರು ಕಡೆಯ ಮಾತಾದರೆ ಊರಿನ ಹೆಸರೂ ಬರೆಯಿರಿ.