ಸಹಾಯ ಬೇಕು: ಸ್ವಿಫ್ಟ್‌ಗೆ ಹಳೇ ಟೈರ್, ತಗೊಳ್ಳಬಹುದಾ?

ಸೈಜ್ 165/80 ಆರ್14, ಟ್ಯೂಬ್‌ಲೆಸ್, ಎರಡು ಬೇಕು. ಜೆ.ಸಿ. ರಸ್ತೆ ಕಡೆ ಒಂದು ಜೋಡಿ ನೋಡಿಟ್ಟಿದ್ದೇನೆ. ಟೈರ್ ಮೇಲೆ ಅಚ್ಚಾಗಿರುವ ಡಾಟ್ ಕೋಡ್‌ನ ಕೊನೆಯ ನಾಲ್ಕಂಕಿ ಒಂದರಲ್ಲಿ 2321, ಅಂದರೆ 2021ರ 23ನೇ ವಾರ ತಯಾರಾದದ್ದು. ಇನ್ನೊಂದರಲ್ಲಿ ಆ ಅಂಕಿ ಒಳಮಗ್ಗುಲಿಗಿತ್ತು, ರಿಮ್‌ನಿಂದ ಬಿಚ್ಚಿಸಿ ನೋಡಿದರೆ 0818! ಕಪ್ಪು ಪಾಲಿಶ್ ಬಳಿದಿದ್ದರು; ಒದ್ದೆ ಬಟ್ಟೆಯಲ್ಲಿ ಉಜ್ಜಿದಾಗ ಸೈಡ್‌ವಾಲ್‌ನಲ್ಲಿ ಕೂದಲೆಳೆಯಂಥ ಬಿರುಕು. ಅದು ಬೇಡವೇ ಬೇಡ.

ನನ್ನ ಗೊಂದಲ ಮೊದಲನೆಯದರ ಬಗ್ಗೆ. ಗೇಜ್ ಇಟ್ಟು ಗೀರಿನ ಆಳ ಅಳೆದರೆ ನಡುವೆ 5 ಮಿ.ಮೀ., ಎರಡೂ ಅಂಚಲ್ಲಿ 3.5. ಗಾಳಿ ಕಮ್ಮಿ ಇಟ್ಟು ಓಡಿಸಿದ ಸವಕಳಿ ಅನ್ನಿಸುತ್ತೆ. ಕಾನೂನಿನ ಮಿತಿ 1.6 ಆದರೂ ಮಳೆಗಾಲಕ್ಕೆ 3ಕ್ಕಿಂತ ಇಳಿದರೆ ನಂಬಲ್ಲ. ಒಳಗಡೆ ಒಂದು ಅಣಬೆ ಪ್ಯಾಚ್ (ತೂತಿಗೆ ಒಳಗಿಂದ ಹಾಕುವ ಅಣಬೆ ಆಕಾರದ ತೇಪೆ) ಇದೆ, ನೆಲ ತಾಗುವ ಭಾಗದ ಅಂಚಾದ ಶೋಲ್ಡರ್‌ನಿಂದ ಸುಮಾರು ಎರಡು ಬೆರಳು ಒಳಕ್ಕೆ. ಬೀಡ್ (ರಿಮ್ ಹಿಡಿಯುವ ಅಂಚು) ಹರಿದಿಲ್ಲ, ಉಬ್ಬಿಲ್ಲ.

ತಿಳಿದವರು ಹೇಳಿ: ಆ ಜಾಗದ ಪ್ಯಾಚ್ ಹೆದ್ದಾರಿ ವೇಗಕ್ಕೆ ನಿಲ್ಲುತ್ತಾ? ಗಾಳಿ ಕಮ್ಮಿ ಇಟ್ಟು ಓಡಿಸಿದ್ದರೆ ಒಳಪದರ ಸುಟ್ಟಿರೋದು ಕಣ್ಣಿಗೆ ಹೇಗೆ ಕಾಣುತ್ತೆ, ಬರೀ ರಬ್ಬರ್ ಪುಡಿ ಉದುರುತ್ತಾ, ಸುಕ್ಕೂ ಇರುತ್ತಾ? ಅಂಗಡಿಯವರು ಬಿಚ್ಚಿ ತೋರಿಸೋಕೆ ರೆಡಿ, ನಾಳೆ ಸಂಜೆವರೆಗೆ ಎತ್ತಿಟ್ಟಿರ್ತಾರಂತೆ.