ಗುಜರಿ ರೇಟು ನಮ್ಮ ಕರಾವಳಿಯಲ್ಲೇ ಯಾಕೆ ಕಡಿಮೆ?

ಮಲ್ಪೆ ಬೋಟಿನವ: ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ರಜೆಯಲ್ಲಿ ಬೋಟು ಮೇಲೆಳೆದು ಹಳೇ ಚೈನು, ತುಕ್ಕು ಹಿಡಿದ ರೋಪು, ಪ್ರೊಪೆಲ್ಲರ್ ಎಲ್ಲ ಗುಜರಿಗೆ ಹಾಕಿದೆ. ಕೊಯಮತ್ತೂರಿನಲ್ಲಿ ಭಾವನಿಗೆ ಸಿಕ್ಕಿದ್ದಕ್ಕಿಂತ ಕಬ್ಬಿಣಕ್ಕೆ ಕಿಲೋಗೆ 4 ರೂಪಾಯಿ ಕಡಿಮೆ. ಮಣ್ಣು ಉಂಟು ಅಂತ ತೂಕದಲ್ಲೂ ಕಳೆದರು. ಹಿತ್ತಾಳೆಗಿಂತ ದುಬಾರಿ ಲೋಹವಾದ ಗನ್‌ಮೆಟಲ್‌ನ ಪ್ರೊಪೆಲ್ಲರಿಗೆ ಹಿತ್ತಾಳೆ ರೇಟು! ಇದು ಹಗಲು ದರೋಡೆ.

ಬೈಕಂಪಾಡಿ ಯಾರ್ಡ್: ದರೋಡೆ ಅನ್ಬೇಡಿ ಮಾರಾಯ್ರೆ. ಕಬ್ಬಿಣ ಕರಗಿಸುವ ದೊಡ್ಡ ಕುಲುಮೆಗಳು ಇರುವುದು ಜಾಲ್ನಾ, ಹಿಂದೂಪುರ, ಪಾಲಕ್ಕಾಡಿನ ಕಂಜಿಕೋಡು ಕಡೆ. ಅವರ ಗೇಟಿನ ರೇಟಿನಲ್ಲಿ ಲಾರಿ ಬಾಡಿಗೆ ಕಳೆದು ಉಳಿದದ್ದೇ ಇಲ್ಲಿಯ ರೇಟು. 2024ರ ಜುಲೈಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದಾಗ ಸುತ್ತುಬಳಸಿ ಹೋದ ಖರ್ಚು ಯಾರ ತಲೆ ಮೇಲೆ ಬಿತ್ತು?

ಸುರತ್ಕಲ್ ಲೆಕ್ಕದವ: ಲಾರಿ ಬಾಡಿಗೆಯ ಕತೆ ಕಬ್ಬಿಣಕ್ಕೆ ಸರಿ. ತಾಮ್ರಕ್ಕೆ? ಅದರ ರೇಟು ಲೋಹಗಳ ಜಾಗತಿಕ ಪೇಟೆಯಾದ ಲಂಡನ್ ಮೆಟಲ್ ಎಕ್ಸ್‌ಚೇಂಜಿನಲ್ಲಿ ಡಾಲರಿನಲ್ಲಿ ನಿಲ್ಲುತ್ತದೆ. ನಮ್ಮಜ್ಜಿಯ ಬಚ್ಚಲಿನ ಹಂಡೆ ಕೊಟ್ಟಾಗ ಮಸಿ ಕೆರೆದು ಕೆರೆದು ತೋರಿಸಿ ರೇಟು ಇಳಿಸಿದರು. ಮಸಿ ಎಷ್ಟು ತೂಗುತ್ತದೆ ಸ್ವಾಮಿ?

ಮಣಿಪಾಲ ಮೆಕ್ಯಾನಿಕಲ್: ಪ್ರೊಪೆಲ್ಲರ್ ವಿಷಯದಲ್ಲಿ ಗುಜರಿಯವರು ಹೇಳಿದ್ದೇ ಸರಿ. ಹೆಚ್ಚಿನವು ಮ್ಯಾಂಗನೀಸ್ ಬ್ರಾಂಜ್. ಹೆಸರಿಗೆ ಬ್ರಾಂಜ್, ನೂರರಲ್ಲಿ ತಾಮ್ರ 58ರ ಆಸುಪಾಸು, ಉಳಿದದ್ದು ಹೆಚ್ಚುಕಡಿಮೆ ಸತುವೇ. ಅಂದರೆ ಹಿತ್ತಾಳೆ. ಗನ್‌ಮೆಟಲ್ ಅಂದರೆ ತಾಮ್ರ 88, ತವರ 10, ಸತು 2.

ಮಲ್ಪೆ ಬೋಟಿನವ: "ಹೆಚ್ಚಿನವು" ಅಂದಿರಲ್ಲ, ನನ್ನದನ್ನು ನೋಡಿದ್ದೀರಾ? ಅರ ಹಾಕಿದಾಗ ಕೆಂಪಗೆ ಬಂದಿತ್ತು. ಹಿತ್ತಾಳೆ ಹಳದಿ ಇರುತ್ತದೆ ಅಂತ ಮಕ್ಕಳಿಗೂ ಗೊತ್ತು.

ಮಣಿಪಾಲ ಮೆಕ್ಯಾನಿಕಲ್: ಕೆಂಪಾದದ್ದು ಉಪ್ಪುನೀರಿನಿಂದ. ಸಮುದ್ರದ ನೀರು ಹಿತ್ತಾಳೆಯೊಳಗಿನ ಸತುವನ್ನು ತಿಂದುಹಾಕುತ್ತದೆ, ಸೊರಗಿದ ತಾಮ್ರ ಮಾತ್ರ ಕೆಂಪಗೆ ಉಳಿಯುತ್ತದೆ. ಬೋಟಿನ ಅಡಿಗೆ ಸತುವಿನ ಗಟ್ಟಿ ಕಟ್ಟುವುದು ಯಾಕೆ ಅಂತ ನಿಮಗೇ ಗೊತ್ತಿರಬೇಕು: ಉಪ್ಪುನೀರು ಮೊದಲು ಆ ಗಟ್ಟಿಯನ್ನು ತಿನ್ನಲಿ, ಪ್ರೊಪೆಲ್ಲರ್ ಉಳಿಯಲಿ ಅಂತ.

ಮಲ್ಪೆ ಬೋಟಿನವ: ನನಗೆ ಬೋಟು ಕಲಿಸ್ಲಿಕ್ಕೆ ಬರಬೇಡಿ. ಮೂವತ್ತು ವರ್ಷ ಆಯ್ತು ಸಮುದ್ರಕ್ಕೆ ಇಳಿದು. ಮೇಲಿನ ಪದರ ದಾಟಿ ಒಳಗೂ ಕೆಂಪೇ ಇತ್ತು.

ಬೈಕಂಪಾಡಿ ಯಾರ್ಡ್: ಈಗ ಒಪ್ಪಿಕೊಳ್ಳಿ, ಹಿತ್ತಾಳೆ ರೇಟು ಮೋಸ ಅಲ್ಲ.

ಕಟಪಾಡಿ ಕಂಟ್ರಾಕ್ಟರ್: ಮೋಸ ಬೇರೆ ಕಡೆ ಉಂಟು. 2022ರ ಮೇ ತಿಂಗಳಲ್ಲಿ ಉಕ್ಕಿನ ರಫ್ತಿಗೆ 15% ಸುಂಕ ಹಾಕಿದ್ದೇ ಹಾಕಿದ್ದು, ನನ್ನ ಸರಳಿನ ತುಂಡುಗಳಿಗೆ ಮರುದಿನವೇ ರೇಟು ಬಿತ್ತು. ನವೆಂಬರಿನಲ್ಲಿ ಸುಂಕ ತೆಗೆದರು. ಆಗ ಕೇಳಿದರೆ "ಮೇಲಿಂದ ರೇಟು ಬಂದಿಲ್ಲ". ಇಳಿಯುವಾಗ ಬರುವ ಫೋನು ಏರುವಾಗ ಯಾಕೆ ಬರುವುದಿಲ್ಲ?

ಬೈಕಂಪಾಡಿ ಯಾರ್ಡ್: ನಮ್ಮ ಕಷ್ಟವೂ ಕೇಳಿ. 2024ರ ಅಕ್ಟೋಬರ್ 10ರಿಂದ ನೋಂದಣಿ ಇಲ್ಲದ ವ್ಯಾಪಾರಿಯಿಂದ ತಗೊಂಡರೆ 18% ಜಿಎಸ್‌ಟಿ ನಾವೇ ಕಟ್ಟಬೇಕು.

ಸುರತ್ಕಲ್ ಲೆಕ್ಕದವ: ಕಟ್ಟಿದ್ದು ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ, ಅಂದರೆ ನೀವು ಮಾರುವಾಗ ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಅರ್ಧ ಹೇಳಿ ಅರ್ಧ ನುಂಗಬೇಡಿ.

ಬೈಕಂಪಾಡಿ ಯಾರ್ಡ್: ಸಿಗುವವರೆಗೆ ಸಿಕ್ಕಿಹಾಕಿಕೊಂಡ ದುಡ್ಡಿಗೆ ಬಡ್ಡಿ ನೀವು ಕೊಡ್ತೀರಾ?

ಮಲ್ಪೆ ಬೋಟಿನವ: ಮಣಿಪಾಲದವರೇ, ಆ ಪ್ರೊಪೆಲ್ಲರಿನ ಮುರಿದ ಎಲೆಯ ಒಂದು ತುಂಡು ಮನೆಯಲ್ಲಿ ಉಂಟು. ತರ್ತೇನೆ, ಪರೀಕ್ಷೆ ಮಾಡಿಸಿ. ತವರ ಸಿಕ್ಕಿದರೆ ಇಲ್ಲಿಯೇ ಬರೆಯಬೇಕು.

ಮಣಿಪಾಲ ಮೆಕ್ಯಾನಿಕಲ್: ತನ್ನಿ, ಬರೀತೇನೆ. ಸತು ಹೆಚ್ಚು ಸಿಕ್ಕಿದರೆ ನೀವು ಬರೀಬೇಕು.

ಬೈಕಂಪಾಡಿ ಯಾರ್ಡ್: ಲಾರಿ ಬಾಡಿಗೆಗೆ ಇನ್ನೂ ಯಾರೂ ಉತ್ತರ ಕೊಡಲಿಲ್ಲ.