ಡಯೋಡ್ ಹಾಕಿದ್ದೇನೆ, ಮುಟ್ಟಿದರೆ ಕೈ ಸುಡುತ್ತೆ. ಯಾಕೆ?

ಹಾನುಬಾಳು ಹುಡುಗ:
ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ. ಕಣದಲ್ಲಿ ಕಾಫಿ ಒಣಗುವಾಗ ರಾತ್ರಿ ಕಾವಲಿಗೆ 12 ವೋಲ್ಟ್ ಬ್ಯಾಟರಿಯಿಂದ ಎಲ್‌ಇಡಿ ಪಟ್ಟಿ ಉರಿಸುತ್ತೇವೆ. ನಡುವೆ ಬೆಳಕು ಹೆಚ್ಚು ಕಡಿಮೆ ಮಾಡುವ ಒಂದು ಡಿಮ್ಮರ್ ಬೋರ್ಡ್ ಇದೆ. ಹೋದ ವಾರ ಕತ್ತಲಲ್ಲಿ ಬ್ಯಾಟರಿ ವೈರ್ ಉಲ್ಟಾ ಸಿಕ್ಕಿಸಿಬಿಟ್ಟೆ. ಬೋರ್ಡಿನಿಂದ ಹೊಗೆ ಬಂತು, ಪಟ್ಟಿಗೆ ಮಾತ್ರ ಏನೂ ಆಗಲಿಲ್ಲ. ಹೊಸ ಬೋರ್ಡ್ ತರಲು ಹೋದಾಗ ಅಂಗಡಿಯವರು ಒಂದು 1ಎನ್4007 ಡಯೋಡ್ ಕೊಟ್ಟು, ಪ್ಲಸ್ ವೈರಿನಲ್ಲಿ ಹಾಕಿ ಅಂದರು. ಹಾಕಿದೆ. ಐದು ನಿಮಿಷಕ್ಕೆ ಮುಟ್ಟಲಾಗದಷ್ಟು ಬಿಸಿ, ಬೆಳಕೂ ಸ್ವಲ್ಪ ಮಂಕು. ಪಟ್ಟಿ 2 ಆಂಪ್ ಎಳೆಯುತ್ತೆ. ಇದರೊಳಗೆ ಏನು ನಡೆಯುತ್ತೆ ಅಂತ ಯಾರಾದರೂ ಬಿಡಿಸಿ ಹೇಳ್ತೀರಾ?

ಬೇಲೂರು ರೇಡಿಯೋ ರಿಪೇರಿ:
ಮೊದಲು ಆ ಡಯೋಡ್ ತೆಗೆಯಿರಿ. ಅದು 1 ಆಂಪಿನದು, ನೀವು 2 ಆಂಪ್ ಹರಿಸುತ್ತಿದ್ದೀರಿ. ಅಂಗಡಿಯವರ ಸಲಹೆ ಸರಿ, ಕೊಟ್ಟ ಸಾಮಾನು ಸಣ್ಣದು.

ನಿಮ್ಮ ಪಂಪಿಗೆ ಫುಟ್‌ವಾಲ್ವ್ ಇದೆ ಅಲ್ವಾ? ನೀರು ಮೇಲೆ ಬರುತ್ತೆ, ವಾಪಸ್ ಇಳಿಯಲ್ಲ. ಡಯೋಡಿನ ಕೆಲಸವೂ ಅದೇ. ಆದರೆ ಇದರಲ್ಲಿ ತೆರೆದು ಮುಚ್ಚುವ ಮುಚ್ಚಳ ಇಲ್ಲ. ಸಿಲಿಕಾನ್ ಚೂರಿನ ಒಂದು ಬದಿಗೆ ರಂಜಕ ಬೆರೆಸಿ ಎಲೆಕ್ಟ್ರಾನ್ ಜಾಸ್ತಿ ಮಾಡಿರುತ್ತಾರೆ. ಇನ್ನೊಂದು ಬದಿಗೆ ಬೋರಾನ್ ಬೆರೆಸಿ ಎಲೆಕ್ಟ್ರಾನಿಗೆ ಖಾಲಿ ಜಾಗ ಬಿಟ್ಟಿರುತ್ತಾರೆ. ಎರಡೂ ಕೂಡುವಲ್ಲಿ ಎಲೆಕ್ಟ್ರಾನುಗಳು ಖಾಲಿ ಜಾಗ ತುಂಬಿ, ಅಲ್ಲೊಂದು ತೆಳು ಬರಡು ಪದರ ಉಳಿಯುತ್ತೆ. ಬ್ಯಾಟರಿ ನೇರ ಕೊಟ್ಟರೆ ಪದರ ಕಿರಿದಾಗಿ ಕರೆಂಟ್ ಹರಿಯುತ್ತೆ. ಉಲ್ಟಾ ಕೊಟ್ಟರೆ ಅಗಲವಾಗಿ ತಡೆಯುತ್ತೆ.

ಆ ಪದರ ದಾಟಲು ಸುಮಾರು 0.7 ವೋಲ್ಟ್ ಸುಂಕ ಕಟ್ಟಬೇಕು. ನಿಮ್ಮ 2 ಆಂಪಿಗೆ ಅದು 1 ವೋಲ್ಟಿನ ಹತ್ತಿರ ಹೋಗುತ್ತೆ. ಅಂದರೆ ಹೆಚ್ಚು ಕಡಿಮೆ 2 ವಾಟ್ ಸುಮ್ನೆ ಬಿಸಿಯಾಗಿ ಹೋಗ್ತಿದೆ. ಬೆಳಕು ಮಂಕಾಗಿದ್ದೂ ಅದಕ್ಕೇ.

ನಾನಾಗಿದ್ದರೆ ಬೇರೆ ದಾರಿ ಹಿಡಿಯುತ್ತೇನೆ. ಬ್ಯಾಟರಿಯ ಪ್ಲಸ್ಸಿಗೆ ಅಂಟಿಕೊಂಡಂತೆ 3 ಆಂಪ್ ಫ್ಯೂಸ್ ಹಾಕಿ. ಫ್ಯೂಸ್ ಆದ ಮೇಲೆ, ಬೋರ್ಡಿನ ಪ್ಲಸ್ ಮೈನಸ್ ನಡುವೆ ಅಡ್ಡಲಾಗಿ 1ಎನ್5408 ಅನ್ನೋ ಡಯೋಡ್ ಹಾಕಿ. ಬಿಳಿ ಪಟ್ಟೆ ಇರುವ ತುದಿ ಪ್ಲಸ್ಸಿಗೆ. ವೈರ್ ಸರಿ ಇದ್ದಾಗ ಅದು ಸುಮ್ಮನೆ ಕೂತಿರುತ್ತೆ, ಒಂದು ಚೂರೂ ವೋಲ್ಟೇಜ್ ತಿನ್ನಲ್ಲ. ಉಲ್ಟಾ ಆದರೆ ಕರೆಂಟೆಲ್ಲ ಅದರ ಮೂಲಕ ನುಗ್ಗಿ ಫ್ಯೂಸ್ ಹೋಗುತ್ತೆ, ಬೋರ್ಡ್ ಉಳಿಯುತ್ತೆ. ಫ್ಯೂಸ್ ಇಲ್ಲದೆ ಮಾತ್ರ ಹೀಗೆ ಮಾಡಲೇಬೇಡಿ, ವೈರೇ ಹತ್ತಿಕೊಳ್ಳುತ್ತೆ.

ಹಳೇ ರೇಡಿಯೋಗಳಲ್ಲಿ ಓಎ79 ಅಂತ ಪುಟ್ಟ ಗಾಜಿನ ಡಯೋಡ್ ಇರುತ್ತಿತ್ತು. ಅದು ಜರ್ಮೇನಿಯಂನದು, ಸುಂಕ ಕಡಿಮೆ. ಅಲೆಯಿಂದ ಮಾತನ್ನು ಬೇರೆ ಮಾಡಿ ಕೊಡುತ್ತಿದ್ದುದು ಅದೇ. ಅದನ್ನು ಬೆಸುಗೆ ಹಾಕುವಾಗ ಕಾಲನ್ನು ಇಕ್ಕಳದಲ್ಲಿ ಹಿಡಿದುಕೊಳ್ಳುತ್ತಿದ್ದೆ, ಬಿಸಿ ಒಳಗೆ ಹೋಗಬಾರದಲ್ಲ.

ಲ್ಯಾಬ್ ಮೇಡಂ, ಚಿಕ್ಕಮಗಳೂರು:
ಪಟ್ಟಿ ಯಾಕೆ ಸುಡಲಿಲ್ಲ ಅನ್ನೋದಕ್ಕೆ ಉತ್ತರ: ಎಲ್‌ಇಡಿಯೂ ಒಂದು ಡಯೋಡೇ. ಎಲೆಕ್ಟ್ರಾನ್ ಖಾಲಿ ಜಾಗಕ್ಕೆ ಬೀಳುವಾಗ ಬಿಡುವ ಶಕ್ತಿ ಅದರಲ್ಲಿ ಬೆಳಕಾಗುತ್ತೆ. 12 ವೋಲ್ಟ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೂರು ಮೂರು ಎಲ್‌ಇಡಿ ಸಾಲಾಗಿರುತ್ತವೆ. ಉಲ್ಟಾ ಕೊಟ್ಟಾಗ ಒಂದೊಂದರ ಮೇಲೆ ಬಿದ್ದದ್ದು 4 ವೋಲ್ಟ್ ಆಸುಪಾಸು. ಅಷ್ಟನ್ನು ತಡೆದುಕೊಂಡಿವೆ.

ನಿಮ್ಮ 1ಎನ್4007 ಎಸೆಯಬೇಡಿ. ಉಲ್ಟಾ 1000 ವೋಲ್ಟ್ ತನಕ ತಡೆಯುವ ಡಯೋಡ್ ಅದು. 230 ವೋಲ್ಟ್ ಎಸಿಯನ್ನು ಡಿಸಿ ಮಾಡಲು ಸಣ್ಣ ಚಾರ್ಜರುಗಳಲ್ಲಿ ಇಂಥವೇ ನಾಲ್ಕು ಸೇರಿಸಿರುತ್ತಾರೆ. ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ ನೋಡಿ. ಒಂದು ಕಡೆಯಿಂದ 0.5ರಿಂದ 0.7 ತೋರಿಸಬೇಕು, ತಿರುಗಿಸಿ ಹಿಡಿದರೆ ಏನೂ ತೋರಿಸಬಾರದು. ಎರಡೂ ಕಡೆ ಸೊನ್ನೆ ಬಂದರೆ ಒಳಗೆ ಶಾರ್ಟ್ ಆಗಿದೆ.

ಹಾನುಬಾಳು ಹುಡುಗ:
ಮೇಡಂ, ನೋಡಿದೆ. 0.58 ತೋರಿಸಿತು, ಇನ್ನೂ ಚೆನ್ನಾಗಿದೆ. ಬೇಲೂರು ಸರ್, ನೀವು ಹೇಳಿದಂತೆ ಫ್ಯೂಸೂ 5408ಉ ಹಾಕಿದೆ. ಬೆಳಕು ಮೊದಲಿನಂತಾಯಿತು, ಡಯೋಡ್ ತಣ್ಣಗಿದೆ. ಬೋರ್ಡನ್ನು ಪಕ್ಕಕ್ಕಿಟ್ಟು, ಬೇಕಂತಲೇ ಒಮ್ಮೆ ಉಲ್ಟಾ ಕೊಟ್ಟೆ. ಟಪ್ ಅಂತ ಫ್ಯೂಸ್ ಹೋಯಿತು. ನಾಲ್ಕು ಫ್ಯೂಸ್ ಹೆಚ್ಚಿಗೆ ತಂದು ಕಣದ ಶೆಡ್ಡಿನಲ್ಲಿ ಇಟ್ಟಿದ್ದೇನೆ.